ಆ 32ರ ಎಂಸಿಬಿ ತೆಗೆಸು

ಚಿ. ಪುಟ್ಟುಗೆ ದೊಡ್ಡಪ್ಪನ ಆಶೀರ್ವಾದಗಳು.

ಕರೆಂಟಿನಿಂದ ನಷ್ಟವಾದರೆ ಮನೆಯ ವಿಮೆ ದುಡ್ಡು ಕೊಡುತ್ತದೆಯೇ ಅಂತ ನೀನು ಕೇಳಿದ್ದೆ. ನನ್ನ ಕಣ್ಣು ನಿಂತದ್ದು ಮಾತ್ರ ಪತ್ರದ ಕೊನೆಯಲ್ಲಿ: ಅಡುಗೆಮನೆ ಸಾಕೆಟ್ಟಿನಿಂದ ಗೀಸರಿಗೆ ಲೈನು ಎಳೆದೆ, 16 ಆಂಪಿಯರಿನ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್ಚು) ಪದೇಪದೇ ಬೀಳುತ್ತಿತ್ತು, 32ರದ್ದು ತಂದು ನಾನೇ ಕೂರಿಸಿದೆ, ಈಗ ಆರಾಮ ಅಂತ ಬರೆದಿದ್ದೀಯ. ಆ ಆರಾಮವೇ ನನಗೆ ಹೆದರಿಕೆ.

ಎಂಸಿಬಿ ಇರುವುದು ಗೀಸರ್ ಕಾಯಲಿಕ್ಕಲ್ಲ ಮಾರಾಯ, ಗೋಡೆಯೊಳಗಿನ ವೈರು ಕಾಯಲಿಕ್ಕೆ. ಅಡುಗೆಮನೆ ಸಾಕೆಟ್ಟಿನಿಂದ ನೀನು ಎಳೆದದ್ದು 1.5 ಸ್ಕ್ವೇರ್ ಎಂಎಂ ವೈರು. ಪೈಪಿನೊಳಗೆ ಅದು ತಾಳುವುದು ಹೆಚ್ಚುಕಮ್ಮಿ 15 ಆಂಪಿಯರ್. 3 ಕಿಲೋವಾಟ್ ಗೀಸರಿಗೇ 13 ಬೇಕು. ಅದೇ ಹೊತ್ತಿಗೆ ಇಂಡಕ್ಷನ್ ಒಲೆ ಹಚ್ಚಿದರೆ 20 ದಾಟಿತು. ಹಳೆಯದು ಬಿದ್ದದ್ದು ಅದಕ್ಕೇ. 32ರದ್ದು 36 ಆಂಪಿಯರ್ ಒಂದು ಗಂಟೆ ಹರಿದರೂ ಬೀಳಬೇಕಿಲ್ಲ, ಅದರ ಮಾನಕವೇ ಹಾಗೆ. ಅಷ್ಟರಲ್ಲಿ ವೈರಿನ ಪಿವಿಸಿ ಹೊದಿಕೆ ಮೆತ್ತಗಾಗಿರುತ್ತದೆ.

ಟೇಪು ಸುತ್ತಿದ ಜಾಯಿಂಟ್ ಬೇರೆ! ಅದು ಸಡಿಲವಾಗಿ ಅರ್ಧ ಓಮ್ ತಡೆ ಬಂದರೂ, ಗೀಸರಿನ 13 ಆಂಪಿಯರಿಗೇ ಅದೊಂದೇ ಜಾಗದಲ್ಲಿ ಸುಮಾರು 80 ವಾಟ್ ಶಾಖ. ಕರೆಂಟ್ ಹೆಚ್ಚಿರುವುದಿಲ್ಲವಾದ್ದರಿಂದ ಯಾವ ಎಂಸಿಬಿಗೂ ತಿಳಿಯುವುದಿಲ್ಲ.

ನಮ್ಮ ಕಾಲದಲ್ಲಿ ಕಿಟ್‌ಕ್ಯಾಟ್ ಎಂಬ ಪಿಂಗಾಣಿ ಫ್ಯೂಸಿಗೆ, ಅದು ಸುಡದಿರಲೆಂದು, ನಾಲ್ಕೆಳೆ ತಂತಿ ಸುತ್ತಿದವನೇ ಜಾಣ. ಯಾರೂ ಬೇಡ ಅನ್ನಲಿಲ್ಲ, ನಾನೂ ಅನ್ನಲಿಲ್ಲ. ಈಗ 32 ಎಂಬ ಅಂಕಿ ನೋಡಿದಾಗ ಅದೇ ನೆನಪು.

ವಿಮೆಯದ್ದೂ ಹೇಳುತ್ತೇನೆ. ಭಾರತ್ ಗೃಹ ರಕ್ಷಾ ಎಂಬ ಮನೆ ವಿಮೆಯ ಪಾಲಿಸಿಯಲ್ಲಿ ಶಾರ್ಟ್ ಸರ್ಕ್ಯೂಟಿನಿಂದ ಸುಟ್ಟ ಉಪಕರಣಕ್ಕೆ ದುಡ್ಡಿಲ್ಲ; ಅದರಿಂದ ಹಬ್ಬಿದ ಬೆಂಕಿಯ ನಷ್ಟಕ್ಕೆ ಇದೆ. ಆದರೆ ಮನೆಯ ಬಗ್ಗೆ ಜಾಗ್ರತೆ ವಹಿಸಬೇಕೆಂಬ ಷರತ್ತೂ ಇದೆ, ನಷ್ಟ ಅಳೆಯಲು ಬರುವ ಸರ್ವೇಯರ್ ಮೊದಲು ನೋಡುವುದೇ ಡಿಬಿ, ಅಂದರೆ ಎಂಸಿಬಿಗಳಿರುವ ಪೆಟ್ಟಿಗೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ 2023ರ ನಿಯಮದಂತೆ ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ನೀನೇ ಬದಲಿಸಬಹುದು, ಆದರೆ ಸಾಮರ್ಥ್ಯ ಬದಲಾಗಬಾರದು. ಹೊಸ ಲೈನಿಗೆ ಲೈಸೆನ್ಸ್ ಇರುವ ಗುತ್ತಿಗೆದಾರನೇ ಬೇಕು. ಕ್ಲೇಮ್ ತಿರಸ್ಕಾರವಾಗಿಯೇ ಆಗುತ್ತದೆ ಅನ್ನಲಾರೆ, ತಕರಾರಿಗೆ ದಾರಿ ನೀನೇ ಮಾಡಿಕೊಟ್ಟಂತೆ.

ನಿನಗೆ ಗೊತ್ತಿಲ್ಲದ್ದೇನಲ್ಲ, ಆದರೂ: ಇವತ್ತೇ ಗೀಸರ್ ನಿಲ್ಲಿಸು. ಡಿಬಿಯಿಂದಲೇ ಪ್ರತ್ಯೇಕ ಲೈನು, 4 ಸ್ಕ್ವೇರ್ ಎಂಎಂ ತಾಮ್ರ, ಅರ್ಥಿಂಗ್ ಸಮೇತ, ನಡುವೆ ಜಾಯಿಂಟ್ ಇಲ್ಲದೆ, 20ರ ಎಂಸಿಬಿ. ಕರೆಂಟ್ ಸೋರಿದರೆ ಲೈನು ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಇಲ್ಲದಿದ್ದರೆ ಅದನ್ನೂ ಹಾಕಿಸಿಬಿಡು, ಖರ್ಚು ಅನ್ನಬೇಡ. ಲೈಸೆನ್ಸ್ ಸಂಖ್ಯೆ ಬರೆದ ಬಿಲ್ಲನ್ನು ಪಾಲಿಸಿ ಕಾಗದದ ಜೊತೆ ಇಟ್ಟುಕೋ.

ಗುತ್ತಿಗೆದಾರ ಬರುವುದು ತಡವಾದರೆ ಆ ಸಾಕೆಟ್ಟಿನ ಲೈನು ಆಫ್ ಆಗಿಯೇ ಇರಲಿ. ಒಂದು ವಾರ ಗ್ಯಾಸ್ ಒಲೆಯ ಮೇಲೆ ನೀರು ಕಾಯಿಸಿಕೊಳ್ಳಿ.

ಇಂತಿ,
ನಿನ್ನ ದೊಡ್ಡಪ್ಪ