ಬುಕ್ಕಿ ಲೆಕ್ಕಾನ ಹತ್ತನೇ ಕ್ಲಾಸಲ್ಲೇ ಹೇಳ್ಕೊಡಿ

ಸಂಪಾದಕರಿಗೆ ನಮಸ್ಕಾರ,

ಆನ್‌ಲೈನ್ ಬೆಟ್ಟಿಂಗಲ್ಲಿ ದುಡ್ಡು ಕಳ್ಕೊಂಡು ಹುಡುಗರು ಊರು ಬಿಟ್ಟು ಹೋದ ಸುದ್ದಿ ಬಂದಾಗೆಲ್ಲ, ಎರಡು ದಿನ ಬಿಟ್ಟು ಓದುಗರ ಪತ್ರದಲ್ಲಿ ಯಾರಾದ್ರೂ ಒಬ್ರು "ನಮ್ ಕಾಲದಲ್ಲಿ ಹೀಗಿರ್ಲಿಲ್ಲ, ರೇಸ್ ಕೋರ್ಸ್ ಬುಕ್ಕಿಗಳು ಮರ್ಯಾದಸ್ಥರು" ಅಂತ ಬರೀತಾರೆ. ಅದ್ರ ಬಗ್ಗೆ ನಾನು ಸ್ವಲ್ಪ ಹೇಳ್ಬೇಕು, ಯಾಕಂದ್ರೆ 1981ರಿಂದ 1992ರ ತನಕ ಬೆಂಗಳೂರು ರೇಸ್ ಕೋರ್ಸಲ್ಲಿ ಒಬ್ಬ ಲೈಸೆನ್ಸ್ ಇದ್ದ ಬುಕ್ಕಿ ಹತ್ರ ಲೆಡ್ಜರ್ ಬರೀತಿದ್ದೋನು ನಾನು. ವಾರದ ದಿನ ಚಿಕ್ಕಪೇಟೆ ಜವಳಿ ಅಂಗಡೀಲಿ ಲೆಕ್ಕ, ಶನಿವಾರ ಭಾನುವಾರ ರೇಸಲ್ಲಿ ಲೆಕ್ಕ.

ನೋಡದೇ ಇದ್ದೋರಿಗೆ ಹೇಳ್ತೀನಿ ಹೆಂಗಿರ್ತಿತ್ತು ಅಂತ. ಮೆಜೆಸ್ಟಿಕ್ಕಲ್ಲಿ ಬಸ್ ಇಳಿದು ಆನಂದರಾವ್ ಸರ್ಕಲ್ ಕಡೆಯಿಂದ ಜನ ನಡ್ಕೊಂಡೇ ಬರೋರು, ಕೈಯಲ್ಲಿ ರೇಸ್ ಬುಕ್ಕು, ಕಿವಿ ಮೇಲೆ ಪೆನ್ಸಿಲ್ಲು. ಒಳಗೆ ಬುಕ್ಕಿಗಳದ್ದು ಸಾಲಾಗಿ ಸ್ಟಾಲು. ಒಂದೊಂದು ಸ್ಟಾಲಲ್ಲೂ ಒಂದು ಬೋರ್ಡು, ಅದ್ರ ಮೇಲೆ ಕುದುರೆ ಹೆಸರು, ಪಕ್ಕದಲ್ಲಿ ಚಾಕ್‌ಪೀಸಲ್ಲಿ ಬರೆದ ರೇಟು, ಅಂದ್ರೆ ಆ ಕುದುರೆ ಗೆದ್ರೆ ಹಾಕಿದ ದುಡ್ಡಿಗೆ ಎಷ್ಟು ಸಿಗತ್ತೆ ಅಂತ. ಒಬ್ಬ ದುಡ್ಡು ಇಸ್ಕೊಳ್ಳೋನು, ಒಬ್ಬ ಕಾರ್ಡು ಬರ್ದು ಕೊಡೋನು, ಹಿಂದೆ ಕೂತು ಯಾವ ಕುದುರೆಗೆ ಎಷ್ಟು ಬಂತು ಅಂತ ಶೀಟಲ್ಲಿ ಏರಿಸೋನು ನಾನು. ಆಟಕ್ಕೆ ಕೊನೇ ಐದು ನಿಮಿಷ ಇದೆ ಅನ್ನೋವಾಗ ಆಗೋ ಗದ್ದಲ ಇದ್ಯಲ್ಲ, ಅದನ್ನ ಬಾಯಲ್ಲಿ ಹೇಳೋಕಾಗಲ್ಲ, ಹತ್ತು ಕೈ ಒಟ್ಟಿಗೆ ಚಾಚಿರ್ತವೆ, ಒಬ್ಬ ಐದನೇ ನಂಬರ್ ಅಂತಾನೆ ಇನ್ನೊಬ್ಬ ಎರಡು ಅಂತಾನೆ, ಅಷ್ಟರಲ್ಲಿ ನಮ್ಮ ಸಾಹುಕಾರ್ರು, ಅಂದ್ರೆ ಆ ಬುಕ್ಕಿ, ಬೋರ್ಡ್ ಒರೆಸಿ ರೇಟ್ ಇಳಿಸಿರ್ತಾರೆ. ಸಂಜೆ ಮನೆಗೆ ಹೋದ್ರೆ ಶರ್ಟೆಲ್ಲ ಚಾಕ್ ಪುಡಿ. ಬಾಂಬೆ, ಪೂನಾ, ಮದ್ರಾಸ್ ರೇಸಿಗೂ ನಮ್ಮಲ್ಲೇ ಬೆಟ್ಟಿಂಗು, ಕುದುರೆ ಕಣ್ಣಿಗೆ ಕಾಣಲ್ಲ, ಸ್ಪೀಕರಲ್ಲಿ ಕಾಮೆಂಟ್ರಿ ಕೇಳ್ಕೊಂಡು ಸಾವಿರಾರು ಜನ ಆಕಾಶ ನೋಡ್ತಾ ನಿಂತಿರೋರು.

ಇದೆಲ್ಲ ಕಾನೂನು ಪ್ರಕಾರಾನೇ. ರೇಸ್ ಕೋರ್ಸಿಗೆ 1952ರ ಲೈಸೆನ್ಸ್ ಕಾಯ್ದೆ ಇತ್ತು, ಬೆಟ್ಟಿಂಗಿಗೆ ಮಹಾರಾಜರ ಕಾಲದ 1932ರ ಟ್ಯಾಕ್ಸ್ ಕಾಯ್ದೆ ಇತ್ತು, ಆ ಟ್ಯಾಕ್ಸು ಆಡೋನ ಜೇಬಿಂದಾನೇ ಹೋಗ್ತಿತ್ತು. ಟ್ಯಾಕ್ಸ್ ಉಳಿಸೋಕೆ ಅಂತ ಹೊರಗೆ ಗಲ್ಲಿಗಳಲ್ಲಿ ಕದ್ದು ಬುಕ್ಕಿಂಗ್ ಮಾಡೋರೂ ಇದ್ರು. ಬೀಡಿ ಅಂಗಡೀಲಿ ಓಸಿ ಚೀಟಿ ಬರೆಯೋರು ಬೇರೆ. ಓಸಿ ಅಂದ್ರೆ ಓಪನ್ ಕ್ಲೋಸ್, ನ್ಯೂಯಾರ್ಕ್ ಹತ್ತಿ ಮಾರ್ಕೆಟ್ಟಿನ ಓಪನಿಂಗ್ ಕ್ಲೋಸಿಂಗ್ ರೇಟಿನ ಮೇಲೆ ಬಾಂಬೇಲಿ ಶುರುವಾದ ಜೂಜು ಅದು, 60ರ ದಶಕದಲ್ಲಿ ಮಡಕೆಯಿಂದ ಚೀಟಿ ಎತ್ತೋ ಮಟ್ಕಾ ಆಯ್ತು. ಆ ಕಡೆ ನಾನು ಹೋದೋನಲ್ಲ, ಅದ್ರ ಸುದ್ದಿ ಬೇಡ.

ನಮ್ಮ ಸಾಹುಕಾರ್ರು ಒಳ್ಳೇ ಮನುಷ್ಯರು, ಗೆದ್ದೋರಿಗೆ ದುಡ್ಡು ಕೊಡೋದ್ರಲ್ಲಿ ಒಂದು ದಿನಾನೂ ತಕರಾರು ಮಾಡಿದ್ದು ನಾನು ನೋಡಿಲ್ಲ. ಮರ್ಯಾದಸ್ಥರು ಅನ್ನೋ ಮಾತು ಅಷ್ಟರ ಮಟ್ಟಿಗೆ ನಿಜ. ಆದ್ರೆ ಅವ್ರು ಮೋಸ ಮಾಡೋ ಅಗತ್ಯಾನೇ ಇರ್ಲಿಲ್ಲ ಸ್ವಾಮಿ! ಕೆಲಸಕ್ಕೆ ಸೇರಿದ ಮೊದಲನೇ ತಿಂಗಳಲ್ಲೇ ಅವ್ರು ನಂಗೆ ಹೇಳ್ಕೊಟ್ಟ ಲೆಕ್ಕ ಇದು, ದಯವಿಟ್ಟು ಇದನ್ನ ಹಾಗೇ ಪ್ರಿಂಟ್ ಮಾಡಿ.

ನಾಲ್ಕೇ ಕುದುರೆ ಓಡ್ತಿವೆ ಅಂದ್ಕೊಳ್ಳಿ. ಮೊದಲನೇದಕ್ಕೆ ಈವನ್ ಮನಿ, ಅಂದ್ರೆ 100 ಹಾಕಿದ್ರೆ ಹಾಕಿದ್ದೂ ಸೇರಿ 200 ವಾಪಸ್ಸು. ಎರಡನೇದಕ್ಕೆ ಟೂ ಟು ಒನ್, 300 ವಾಪಸ್ಸು. ಮೂರನೇದಕ್ಕೆ ಫೈವ್ ಟು ಒನ್, 600. ನಾಲ್ಕನೇದಕ್ಕೆ ಸೆವೆನ್ ಟು ಒನ್, 800. ಈಗ ಮೊದಲನೇ ಕುದುರೆ ಮೇಲೆ 600 ರೂಪಾಯಿ ಬಂತು, ಎರಡನೇದರ ಮೇಲೆ 400, ಮೂರನೇದರ ಮೇಲೆ 200, ನಾಲ್ಕನೇದರ ಮೇಲೆ 150. ಒಟ್ಟು 1350. ಯಾವ ಕುದುರೆ ಗೆದ್ರೂ ಬುಕ್ಕಿ ಕೊಡ್ಬೇಕಾಗಿರೋದು 1200, ಗುಣಿಸಿ ನೋಡಿ. 150 ರೂಪಾಯಿ ಅವನ ಹತ್ರಾನೇ ಉಳೀತು, ಕುದುರೆ ಕಡೆ ತಲೆ ಎತ್ತಿ ನೋಡೋದೂ ಬೇಕಿಲ್ಲ. ನಿಜವಾದ ರೇಸಲ್ಲಿ ದುಡ್ಡು ಇಷ್ಟು ನೀಟಾಗಿ ಬರಲ್ಲ, ಅದಕ್ಕೇ ನಾನು ಹಿಂದೆ ಕೂತು "ಮೂರನೇದಕ್ಕೆ ಜಾಸ್ತಿ ಆಯ್ತು ಸಾರ್" ಅಂತ ಕೂಗ್ತಿದ್ದಿದ್ದು, ತಕ್ಷಣ ಅವ್ರು ಅದರ ರೇಟ್ ಇಳಿಸಿ ಬೇರೇದು ಏರ್ಸೋರು, ಅದಕ್ಕೂ ಸರಿಹೋಗ್ಲಿಲ್ಲ ಅಂದ್ರೆ ಪಕ್ಕದ ಬುಕ್ಕಿ ಹತ್ರ ತಾವೇ ಅದರ ಮೇಲೆ ಆಡಿ ಭಾರ ಇಳಿಸ್ಕೊಳ್ಳೋರು. ಒಂದೊಂದು ರೇಸಲ್ಲಿ ಅವ್ರಿಗೂ ಏಟು ಬಿದ್ದಿದ್ದುಂಟು, ಆದ್ರೆ ಸೀಸನ್ ಮುಗಿದ ಮೇಲೆ ಲೆಡ್ಜರ್ ಕೂಡ್ಸೋನು ನಾನೇ ಅಲ್ವಾ, ಹನ್ನೊಂದು ವರ್ಷದಲ್ಲಿ ಒಂದು ಸೀಸನ್ನೂ ನಷ್ಟ ಬರ್ಲಿಲ್ಲ.

ಇನ್ನು ಮೇಷ್ಟ್ರ ವಿಷಯ. ಅದನ್ನ ಹೇಳೋಕೇ ಈ ಕಾಗ್ದ ಬರೀತಿರೋದು ಅಂದ್ರೂ ತಪ್ಪಿಲ್ಲ. ಒಬ್ರು ರಿಟೈರ್ ಆದ ಹೈಸ್ಕೂಲ್ ಮೇಷ್ಟ್ರು, ಪ್ರತಿ ರೇಸಿಗೂ ಬರೋರು, ಪಂಚೆ, ಕೋಟು, ಕಂಕುಳಲ್ಲಿ ಒಂದು ಉದ್ದನೇ ನೋಟ್‌ಬುಕ್ಕು. ಯಾವ ಕುದುರೆ ಎಷ್ಟು ಕೆಜಿ ಹೊತ್ತು ಎಷ್ಟು ಸೆಕೆಂಡಲ್ಲಿ ಓಡ್ತು, ಮಳೆ ಬಂದು ಟ್ರ್ಯಾಕ್ ಮೆತ್ತಗಾದಾಗ ಹೆಂಗೆ ಓಡ್ತು, ಎಲ್ಲಾ ಅದ್ರಲ್ಲಿ. ರಶೀದ್ ಬೈರಾಂಜಿ ಟ್ರೈನ್ ಮಾಡಿದ್ದ ಸ್ಕ್ವಾಂಡರರ್ ಅನ್ನೋ ಕುದುರೆ 19 ರೇಸಲ್ಲಿ 18 ಗೆದ್ದಿದ್ದನ್ನ ಅವ್ರು ಹೇಳ್ತಿದ್ರೆ ಮಗನ ರ‍್ಯಾಂಕ್ ಬಗ್ಗೆ ಹೇಳ್ದಂಗಿರೋದು. ಅವ್ರ ತಿಳುವಳಿಕೆ ನಿಜವಾದ ತಿಳುವಳಿಕೆ, ಮೂರು ಆಟಕ್ಕೆ ಒಂದು ಗೆಲ್ಲೋರು, ಅದು ಸಣ್ಣ ಮಾತಲ್ಲ. ಆದ್ರೆ ಅವ್ರು ಹಿಡೀತಿದ್ದ ಕುದುರೆಗೆ ಸಿಗ್ತಿದ್ದ ರೇಟು ಸುಮಾರಾಗಿ 100ಕ್ಕೆ 250 ವಾಪಸ್ಸು. ಮೂರು ಸಲ 100 ಹಾಕಿದ್ರೆ 300 ಹೋಯ್ತು, ಒಂದು ಸಲ ಗೆದ್ರೆ ಬಂದಿದ್ದು 250. ಅಷ್ಟೇ ಕಣ್ರೀ. ಆ 50 ರೂಪಾಯಿ ವ್ಯತ್ಯಾಸ ಅವ್ರ ಪೆನ್ಶನ್ ತಿಂತು, ಆಮೇಲೆ ಮಲ್ಲೇಶ್ವರದ ಮನೇಲಿ ಅವ್ರ ಭಾಗ ತಿಂತು. ಒಂದಿನ ನನ್ನ ಹತ್ರ ಬಂದು "ಏನಪ್ಪಾ, ನನ್ ಲೆಕ್ಕದಲ್ಲಿ ಎಲ್ಲೋ ಒಂದು ತಪ್ಪಿದೆ, ಸಿಗ್ತಿಲ್ಲ" ಅಂದ್ರು. ತಪ್ಪು ಎಲ್ಲಿದೆ ಅಂತ ನಂಗೆ ಗೊತ್ತಿತ್ತು. ಸಾಹುಕಾರ್ರು ಪಕ್ಕದಲ್ಲೇ ನಿಂತಿದ್ರು, ನಾನು "ಮುಂದಿನ ವಾರ ಬರತ್ತೆ ಬಿಡಿ ಸಾರ್" ಅಂದ್ಬಿಟ್ಟೆ. 1992ರಲ್ಲಿ ಕೆಲಸ ಬಿಟ್ಟಿದ್ದು ಅದೊಂದೇ ಕಾರಣಕ್ಕೆ ಅಂತ ಹೇಳಲ್ಲ, ಆದ್ರೆ ಆ ಮಾತು ಇವತ್ತಿಗೂ ಚುಚ್ಚತ್ತೆ.

1996ರಲ್ಲಿ ಸುಪ್ರೀಂ ಕೋರ್ಟು ಕುದುರೆ ರೇಸು ಅದೃಷ್ಟದಾಟ ಅಲ್ಲ, ಕೌಶಲದ ಆಟ ಅಂತ ತೀರ್ಪು ಕೊಡ್ತು. ಮುಂದೆ ಮೊಬೈಲಲ್ಲಿ ಕ್ರಿಕೆಟ್ ಟೀಮ್ ಕಟ್ಟಿ ದುಡ್ಡು ಹಾಕೋ ಆಟದೋರೂ ಕೋರ್ಟಲ್ಲಿ ಅದೇ ತೀರ್ಪು ಹಿಡ್ಕೊಂಡ್ರು. ಕೌಶಲ ಬೇಕು ಅನ್ನೋದು ಸುಳ್ಳಲ್ಲ, ಮೇಷ್ಟ್ರಿಗೆ ಬೇಕಾದಷ್ಟು ಇತ್ತು. ರೇಟ್ ಬರೆಯೋ ಚಾಕ್‌ಪೀಸ್ ಯಾರ ಕೈಯಲ್ಲಿದೆ ಅನ್ನೋದು ಬೇರೆ ಪ್ರಶ್ನೆ, ಅದನ್ನ ಯಾರೂ ಕೇಳಲ್ಲ.

ನಮ್ಮ ರಾಜ್ಯ 2021ರಲ್ಲಿ ಆನ್‌ಲೈನ್ ಜೂಜು ನಿಷೇಧ ಮಾಡ್ತು, 2022ರ ಫೆಬ್ರವರೀಲಿ ಹೈಕೋರ್ಟ್ ಅದನ್ನ ರದ್ದು ಮಾಡ್ತು, 2025ರ ಆಗಸ್ಟಲ್ಲಿ ಕೇಂದ್ರದೋರೇ ದುಡ್ಡು ಕಟ್ಟೋ ಆನ್‌ಲೈನ್ ಆಟ ನಿಷೇಧಿಸೋ ಕಾನೂನು ತಂದ್ರು. ಒಳ್ಳೇದೇ, ನಾನು ಅದ್ರ ಪರ. ಆದ್ರೂ ಕದ್ದು ಆಡೋರು ಆಡ್ತಾನೇ ಇದಾರೆ, ನಮ್ಮ ತಂಗಿ ಮೊಮ್ಮಗ ಇಂಜಿನಿಯರಿಂಗ್ ಓದೋ ಹುಡುಗ, ಐಪಿಎಲ್ ಎರಡು ತಿಂಗಳಲ್ಲಿ ಕಾಲೇಜ್ ಫೀಸ್ ಪೂರ್ತಿ ಕಳ್ಕೊಂಡ. ಕೂರ್ಸಿ ಕೇಳಿದ್ರೆ ಅವ್ನು ಹೇಳಿದ್ದೇನು ಗೊತ್ತಾ, "ತಾತ, ನಂಗೆ ಕ್ರಿಕೆಟ್ ಚೆನ್ನಾಗಿ ಗೊತ್ತು, ಲೆಕ್ಕದಲ್ಲಿ ಎಲ್ಲೋ ಮಿಸ್ ಆಗ್ತಿದೆ." ನಲವತ್ತು ವರ್ಷ ಆದ್ಮೇಲೆ ಅದೇ ಮಾತು. ಈ ಸಲ ನಾನು ಸುಮ್ನಿರ್ಲಿಲ್ಲ, ಕ್ಯಾಲೆಂಡರ್ ಹಿಂದೆ ಆ ನಾಲ್ಕು ಕುದುರೆ ಲೆಕ್ಕ ಬರ್ದು ತೋರ್ಸಿದೆ, ಹುಡುಗ ಬಹಳ ಹೊತ್ತು ಅದನ್ನೇ ನೋಡ್ತಾ ಕೂತಿದ್ದ.

ಹತ್ತನೇ ಕ್ಲಾಸ್ ಗಣಿತದಲ್ಲಿ ಸಂಭವನೀಯತೆ ಅಂತ ಒಂದು ಪಾಠ ಇದೆ, ನಾಣ್ಯ ಚಿಮ್ಮೋದು, ದಾಳ ಹಾಕೋದು, ಇಸ್ಪೀಟ್ ಎಲೆ ಎತ್ತೋದು ಎಲ್ಲ ಇದೆ. ಆ ಪಾಠದ ಕೊನೇಲಿ ಇದೊಂದು ಲೆಕ್ಕ ಸೇರ್ಸಿ ಅಂತ ಶಿಕ್ಷಣ ಇಲಾಖೆಯೋರನ್ನ ನಿಮ್ಮ ಪೇಪರ್ ಮೂಲಕ ಕೇಳ್ಕೊಳ್ತೀನಿ. ಜೂಜು ಪಾಪ ಅಂತ ಭಾಷಣ ಬೇಡ, ಮಕ್ಕಳು ಕೇಳಲ್ಲ. 1350 ಬಂತು, 1200 ಹೋಯ್ತು, ಮಿಕ್ಕಿದ್ದು ಯಾರ ಹತ್ರ ಅಂತ ಮಾತ್ರ ಕೇಳಿ. ಬೆಂಗಳೂರಲ್ಲಿ ಯಾವ ಸ್ಕೂಲಿನೋರು ಕರೆದ್ರೂ ನಾನೇ ಬಂದು ಬೋರ್ಡ್ ಮೇಲೆ ಬರ್ದು ಹೇಳ್ಕೊಡ್ತೀನಿ, ಕಾಲು ನೋವಿದೆ, ಕೂರೋಕೆ ಒಂದು ಕುರ್ಚಿ ಇದ್ರೆ ಸಾಕು.

ಇಂತಿ,
ಹಳೇ ಲೆಡ್ಜರ್ ಕ್ಲಾರ್ಕ್, ಬೆಂಗಳೂರು