ಮೀಟಿಂಗಿಗೆ ಮೊದಲೇ ಮುಗಿಯುವ ಮಾತುಕತೆ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಜಪಾನಿನ ಕಂಪನಿಗೆ ಬಿಡಿಭಾಗ ಪೂರೈಸುವ ಮಾತುಕತೆ ನಿನ್ನ ಹೆಗಲಿಗೆ ಬಿದ್ದಿದೆ ಅಂತ ಬರೆದಿದ್ದೀಯ. ಟೊಯೋಟಾ ಕಾರ್ಖಾನೆ ಇರುವ ಬಿಡದಿ ಕಡೆ ಈ ಕೆಲಸದಲ್ಲಿ ಪಳಗಿದವರು ತುಂಬ ಜನ ಇದ್ದಾರೆ, ಅವರನ್ನೂ ಕೇಳು. ಹೊಸಬರು ಎಡವುವುದು ಮುಖ್ಯವಾಗಿ ಒಂದು ಕಡೆ: ಮೀಟಿಂಗಿನಲ್ಲೇ ತೀರ್ಮಾನ ಆಗುತ್ತದೆ ಅಂದುಕೊಂಡು ಹೋಗುತ್ತಾರೆ.

ಅಲ್ಲಿ ಸಾಮಾನ್ಯವಾಗಿ ಹಾಗಲ್ಲ. ಪ್ರಸ್ತಾವ ಮೊದಲು ಖರೀದಿ, ಗುಣಮಟ್ಟ, ಉತ್ಪಾದನೆ ವಿಭಾಗಗಳಲ್ಲಿ ಸುತ್ತಾಡಿ, ಒಬ್ಬೊಬ್ಬರ ಆಕ್ಷೇಪವೂ ಬಗೆಹರಿದ ಮೇಲೆ ಮೇಲಕ್ಕೆ ಹೋಗುತ್ತದೆ. ಇದನ್ನು ನೆಮಾವಾಶಿ ಅನ್ನುತ್ತಾರೆ. ಹಾಗಾಗಿ ದರಪಟ್ಟಿಯನ್ನು ಒಂದೆರಡು ವಾರ ಮೊದಲೇ ಅವರ ಕಿರಿಯ ಎಂಜಿನಿಯರಿಗೆ ಕಳಿಸು. ಆತ ಸಣ್ಣ ಸಣ್ಣ ಪ್ರಶ್ನೆ ಕೇಳುತ್ತಲೇ ಇರುತ್ತಾನೆ. ಬೇಸರ ಮಾಡಿಕೊಳ್ಳದೆ ಎಲ್ಲಕ್ಕೂ ಬರಹದಲ್ಲೇ ಉತ್ತರ ಕೊಡು, ಒಳಗೆ ನಿನ್ನ ಪರ ಮಾತಾಡಬೇಕಾದವನು ಅವನೇ. ಅವನನ್ನು ದಾಟಿ ಮೇಲಿನವರಿಗೆ ಮೇಲ್ ಹಾಕಿದರೆ ಆ ಸಹಾಯ ಕೈತಪ್ಪುತ್ತದೆ.

ದರವನ್ನು ಒಟ್ಟು ಮೊತ್ತವಾಗಿ ಕೊಡಬೇಡ. ಕಚ್ಚಾ ಮಾಲಿನ ತೂಕ, ಸ್ಕ್ರ್ಯಾಪ್ (ವ್ಯರ್ಥವಾಗುವ ಮಾಲು), ಸೈಕಲ್ ಟೈಮ್ (ಒಂದು ಬಿಡಿಭಾಗ ಮಾಡಲು ಹಿಡಿಯುವ ಸಮಯ), ಪ್ಯಾಕಿಂಗ್, ಸಾಗಣೆ, ಲಾಭ ಎಲ್ಲ ಬಿಡಿಸಿ ಬರೆ. ಚೌಕಾಸಿಗೆ ಇರಲಿ ಅಂತ ಸೇರಿಸಿಟ್ಟ ಹಣ ಇಲ್ಲೇ ಸಿಕ್ಕಿಬೀಳುತ್ತದೆ. ನೀನು 42 ಸೆಕೆಂಡ್ ಅಂತ ಬರೆದ ಕೆಲಸವನ್ನು ಅವರು ಶಾಪ್ ಫ್ಲೋರಿನಲ್ಲಿ ನಿಂತು ಅಳೆದಾಗ 35 ಬಂದರೆ, ಆಮೇಲೆ ಉಳಿದ ಯಾವ ಅಂಕಿಯನ್ನೂ ನಂಬುವುದಿಲ್ಲ.

ದರ ಹೇಳಿದ ಮೇಲೆ ಅವರು ಸುಮ್ಮನಾಗಬಹುದು. ನಮ್ಮವರಿಗೆ ಆ ಮೌನ ತಡೆಯಲಾಗುವುದಿಲ್ಲ, ಕೇಳದಿದ್ದರೂ ನೂರಕ್ಕೆ ಎರಡೋ ಮೂರೋ ಇಳಿಸಿಬಿಡುತ್ತಾರೆ. ಅವರು ಯೋಚಿಸುತ್ತಿದ್ದಾರೆ ಅಷ್ಟೇ. ನೀರು ಕುಡಿ, ಕಾಯಿ.

ಇನ್ನು ನಮ್ಮ ‘ಆಗುತ್ತೆ ಸಾರ್, ನೋಡ್ಕೋತೀವಿ’. ಇದನ್ನು ದಯವಿಟ್ಟು ಬಿಡು. ‘ಡೈ (ಬಿಡಿಭಾಗದ ಅಚ್ಚು) ತಿದ್ದುವ ಕೆಲಸ 14ನೇ ತಾರೀಖಿಗೆ ಮುಗಿಯುತ್ತದೆ, 17ಕ್ಕೆ ಐದು ಮಾದರಿ ಅಳತೆ ವರದಿಯ ಜೊತೆ ಹೊರಡುತ್ತವೆ’ ಅಂತ ಬರೆ. ತಡವಾಗುವ ಸುಳಿವು 10ಕ್ಕೇ ಸಿಕ್ಕರೆ 10ಕ್ಕೇ ಕಾರಣ, ಹೊಸ ದಿನಾಂಕ, ಮತ್ತೆ ಹಾಗಾಗದಂತೆ ಮಾಡಿದ ಏರ್ಪಾಡು ಮೂರನ್ನೂ ತಿಳಿಸು. ಕೊನೆಯ ದಿನದ ಕ್ಷಮಾಪಣೆಯಿಂದ ಅವರ ಉತ್ಪಾದನಾ ಯೋಜನೆ ಸರಿಹೋಗುವುದಿಲ್ಲ.

ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದಿದೆ, ಮುಖ್ಯ ಮೇಲ್‌ಗಳನ್ನು ಬೆಳಗ್ಗೆಯೇ ಕಳಿಸು. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗೆ, ಆಮೇಲೆ ಆಗಸ್ಟ್ ಮಧ್ಯದಲ್ಲಿ ಅಲ್ಲಿ ಸಾಲು ರಜೆ.

ದರಪಟ್ಟಿ ಸಿದ್ಧವಾದ ಕೂಡಲೇ ನನಗೂ ಒಂದು ಪ್ರತಿ ಹಾಕು. ಸೈಕಲ್ ಟೈಮ್ ಕಾಲಂ ಇಬ್ಬರೂ ಕೂತು ನೋಡೋಣ.

ನಿನ್ನ ಗೆಳೆಯ