ಎಣಿಕೆ ಕಲಿಯುವ ಮಗುವಿನ ತಾಯಿಗೆ

ಚಿ. ಸೌ. ಮಗಳಿಗೆ ದೊಡ್ಡಮ್ಮ ಮಾಡುವ ಆಶೀರ್ವಾದಗಳು. ನಾವೆಲ್ಲರೂ ಇಲ್ಲಿ ಕ್ಷೇಮ.

ನಿನ್ನ ಮಗಳು ನೂರರವರೆಗೆ ಒಂದೂ ತಪ್ಪದೆ ಹೇಳುತ್ತಾಳೆ, ಆದರೆ ವರ್ಕ್‌ಬುಕ್ಕಿನಲ್ಲಿ ‘ದೊಡ್ಡ ಸಂಖ್ಯೆಗೆ ಸುತ್ತು ಹಾಕು’ ಎಂದರೆ 7 ಮತ್ತು 5ರಲ್ಲಿ 5ಕ್ಕೆ ಸುತ್ತು ಹಾಕುತ್ತಾಳೆ, ಇವಳಿಗೆ ಗಣಿತ ಹತ್ತುವುದಿಲ್ಲವೇನೋ ಎಂದು ಬರೆದಿದ್ದೀಯೆ. ನಾಲ್ಕೂವರೆ ವರ್ಷದ ಮಗುವಿನ ವಿಷಯದಲ್ಲಿ ಅಂಥ ಮಾತನ್ನು ಮನಸ್ಸಿಗೂ ತಂದುಕೊಳ್ಳಬೇಡ. ನೌಕರಿಯ ಬಹುಭಾಗವನ್ನು ಒಂದನೇ ತರಗತಿಯ ಮಕ್ಕಳ ನಡುವೆಯೇ ಕಳೆದವಳಾದ್ದರಿಂದ ಹೇಳುತ್ತೇನೆ: ನೂರರವರೆಗೆ ಒಪ್ಪಿಸುವುದು ಬೇರೆ, ಎಣಿಸುವುದು ಬೇರೆ. ಒಪ್ಪಿಸುವುದು ನಾಲಿಗೆಯ ಕೆಲಸ. ಎಣಿಸುವುದಕ್ಕೆ ಕಣ್ಣು, ಕೈ, ಮಾತು ಮೂರೂ ಒಟ್ಟಿಗೆ ಸಾಗಬೇಕು.

ನಿನಗೆ ಸಂದೇಹವಿದ್ದರೆ ತಟ್ಟೆಯಲ್ಲಿ ಒಂದು ಹಿಡಿ ಹುಣಸೆ ಬೀಜ ಹಾಕಿ ‘ನನಗೆ ಐದು ಕೊಡು’ ಎಂದು ಕೇಳಿ ನೋಡು. ಬಾಚಿ ಕೈಗೆ ಬಂದಷ್ಟನ್ನು ಕೊಟ್ಟರೆ ‘ಐದು’ ಎಂಬುದು ಅವಳ ಪಾಲಿಗೆ ನಾಲ್ಕಾದ ಮೇಲೆ ಬರುವ ಒಂದು ಶಬ್ದ ಮಾತ್ರ, ಇನ್ನೂ ಪ್ರಮಾಣವಾಗಿಲ್ಲ ಎಂದು ತಿಳಿ. ಇನ್ನೊಂದು ಗುರುತಿದೆ. ಆರು ಬೀಜಗಳನ್ನು ಸರಿಯಾಗಿ ಎಣಿಸಿ ಮುಗಿಸಿದವಳನ್ನು ‘ಹಾಗಾದರೆ ಒಟ್ಟು ಎಷ್ಟು?’ ಎಂದು ಕೇಳಿದಾಗ ‘ಆರು’ ಎನ್ನದೆ ಮತ್ತೆ ಒಂದರಿಂದ ಶುರು ಮಾಡಿದರೆ, ಕೊನೆಯಲ್ಲಿ ಹೇಳಿದ ಸಂಖ್ಯೆಯೇ ಇಡೀ ಗುಂಪಿನ ಲೆಕ್ಕ ಎಂಬುದು ಅವಳಿಗೆ ಇನ್ನೂ ಹೊಳೆದಿಲ್ಲ. ಮಕ್ಕಳು ಮೊದಲು ಒಂದನ್ನು ಅರಿಯುತ್ತಾರೆ, ಕೆಲವು ತಿಂಗಳಾದ ಮೇಲೆ ಎರಡನ್ನು, ಆಮೇಲೆ ಮೂರನ್ನು. ಅಲ್ಲಿಂದಾಚೆಗೆ ಒಮ್ಮೆ ಗುಟ್ಟು ತಿಳಿಯಿತೆಂದರೆ ಉಳಿದವು ಬೇಗ ಬರುತ್ತವೆ. ಅಲ್ಲಿಯವರೆಗೆ ಎಣಿಸಿದ ಬೀಜವನ್ನು ಪಕ್ಕಕ್ಕೆ ಸರಿಸುವುದನ್ನು ಅಭ್ಯಾಸ ಮಾಡಿಸು. ಒಂದೇ ಬೀಜಕ್ಕೆ ಎರಡು ಸಂಖ್ಯೆ ಹೇಳುವುದೂ, ಒಂದನ್ನು ಬಿಟ್ಟು ಮುಂದೆ ಹೋಗುವುದೂ ಅದರಿಂದಲೇ ಬಹಳ ಮಟ್ಟಿಗೆ ನಿಲ್ಲುತ್ತವೆ.

ಹೋಲಿಕೆಯ ವಿಷಯಕ್ಕೆ ಬರುತ್ತೇನೆ. ನಾವು ಶಿಕ್ಷಕರ ತರಬೇತಿಯ ಟಿ.ಸಿ.ಎಚ್. ಓದುವಾಗ, ಮಕ್ಕಳ ಮನಸ್ಸಿನ ಬೆಳವಣಿಗೆಯನ್ನು ಅಧ್ಯಯನ ಮಾಡಿದ ಪಿಯಾಜೆಯ ಪ್ರಯೋಗವನ್ನು ಪರೀಕ್ಷೆಗೆಂದು ಓದಿದ್ದೆವು. ಅದು ನಿಜವೆಂದು ಕಂಡದ್ದು ತರಗತಿಯಲ್ಲಿ. ಆರು ಬೀಜಗಳನ್ನು ಒತ್ತಾಗಿಯೂ ಆರು ಬೀಜಗಳನ್ನು ದೂರ ದೂರವಾಗಿಯೂ ಸಾಲಿಟ್ಟರೆ, ಈ ವಯಸ್ಸಿನ ಬಹಳಷ್ಟು ಮಕ್ಕಳು ಉದ್ದನೆಯ ಸಾಲಿನಲ್ಲೇ ಹೆಚ್ಚಿದೆ ಎನ್ನುತ್ತಾರೆ. ಆಗ ತಪ್ಪೆಂದು ಗದರಬೇಡ. ಮೇಲಿನ ಸಾಲಿನ ಒಂದಕ್ಕೆ ಕೆಳಗಿನ ಸಾಲಿನ ಒಂದನ್ನು ಜೋಡಿ ಮಾಡಿಸು. ಯಾವುದೂ ಮಿಗದಿದ್ದರೆ ಸಮ, ಮಿಕ್ಕರೆ ಮಿಕ್ಕ ಕಡೆ ಹೆಚ್ಚು ಎಂಬುದನ್ನು ಅವಳ ಕಣ್ಣೇ ಹೇಳುತ್ತದೆ. ಊಟಕ್ಕೆ ತಟ್ಟೆ ಹಾಕಿ ಲೋಟ ಇಡುವಾಗ ದಿನವೂ ಇದನ್ನು ಮಾಡಿಸಬಹುದು. ‘ದೊಡ್ಡದು ಯಾವುದು’ ಎನ್ನುವ ಬದಲು ‘ಯಾವುದರಲ್ಲಿ ಹೆಚ್ಚಿದೆ’ ಎಂದು ಕೇಳು, ಏಕೆಂದರೆ ಪುಸ್ತಕದಲ್ಲಿ ದಪ್ಪವಾಗಿ ಅಚ್ಚಾದ ಅಂಕಿಯೇ ದೊಡ್ಡದೆಂದು ಮಗು ನಂಬಿದರೆ ಅದರಲ್ಲಿ ಅದರ ತಪ್ಪೇನೂ ಇಲ್ಲ. 2 ಮತ್ತು 9ರಂಥ ದೂರದ ಜೋಡಿಗಳಿಂದ ಆರಂಭಿಸಿ, 8 ಮತ್ತು 9ರಂಥ ಹತ್ತಿರದ ಜೋಡಿಗಳಿಗೆ ನಿಧಾನವಾಗಿ ಬಾ.

ನಿನ್ನ ಅತ್ತೆಯವರ ಮನೆಯ ಅಟ್ಟದ ಮೇಲೆ ಅಳಗುಳಿಮಣೆ ಇರಬೇಕು, ಇಳಿಸಿ ಒರೆಸು. ಒಂದೊಂದು ಗುಳಿಗೆ ಒಂದೊಂದೇ ಬೀಜ ಹಾಕುತ್ತಾ ಹದಿನಾಲ್ಕು ಗುಳಿಗಳನ್ನು ಸುತ್ತುವ ಆ ಆಟಕ್ಕಿಂತ ಒಳ್ಳೆಯ ಎಣಿಕೆಯ ಪಾಠ ಯಾವ ದುಬಾರಿ ಕಿಟ್‌ನಲ್ಲಿಯೂ ನನಗೆ ಕಂಡಿಲ್ಲ. ಆಟ ಮುಗಿದ ಮೇಲೆ ಯಾರು ಹೆಚ್ಚು ಗೆದ್ದರು, ಎಷ್ಟು ಹೆಚ್ಚು ಎಂಬ ಪ್ರಶ್ನೆಯನ್ನು ಕೇಳಬೇಕಾದ್ದೂ ಇಲ್ಲ, ಅವಳೇ ಜಗಳ ತೆಗೆಯುತ್ತಾಳೆ. ಚೌಕಾಬಾರದ ನಾಲ್ಕು ಕವಡೆಗಳಲ್ಲಿ ಎಷ್ಟು ಅಂಗಾತ ಬಿದ್ದಿವೆ ಎಂಬುದನ್ನು ಎಣಿಸದೆ ಒಂದೇ ನೋಟಕ್ಕೆ ಹೇಳುವುದೂ ಕಲಿಯಬೇಕಾದ ವಿದ್ಯೆಯೇ.

ಹಾವು ಏಣಿಯ ಪಟ ಸದ್ಯಕ್ಕೆ ಬೇಡ. ಅದರ ಸಾಲುಗಳು ಒಮ್ಮೆ ಎಡದಿಂದ ಬಲಕ್ಕೆ, ಒಮ್ಮೆ ಬಲದಿಂದ ಎಡಕ್ಕೆ ತಿರುಗುವುದರಿಂದ ಚಿಕ್ಕ ಮಕ್ಕಳಿಗೆ ದಿಕ್ಕು ತಪ್ಪುತ್ತದೆ. ಅಂಗಳದಲ್ಲಿ ಸೀಮೆಸುಣ್ಣದಿಂದ 1ರಿಂದ 10ರವರೆಗೆ ಒಂದೇ ಸಾಲಿನ ಮನೆಗಳನ್ನು ಬರೆ. ಅಮೆರಿಕದ ಮನೋವಿಜ್ಞಾನಿಗಳಾದ ರಾಬರ್ಟ್ ಸೀಗ್ಲರ್ ಮತ್ತು ಗೀತಾ ರಾಮಾನಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಡ ಕುಟುಂಬಗಳ ಪುಟ್ಟ ಮಕ್ಕಳು ಇಂಥದೇ ಅಂಕಿಪಟದ ಮೇಲೆ ಎರಡು ವಾರಗಳಲ್ಲಿ ಕೆಲವೇ ಬಾರಿ ಆಡಿ ಸಂಖ್ಯೆಗಳ ಹೆಚ್ಚುಕಡಿಮೆಯನ್ನು ಮೊದಲಿಗಿಂತ ಚೆನ್ನಾಗಿ ಹೇಳಿದರು. ಅಂಕಿಯ ಬದಲು ಬಣ್ಣಗಳಿದ್ದ ಪಟದಲ್ಲಿ ಆಡಿದವರಿಗೆ ಆ ಲಾಭ ಸಿಗಲಿಲ್ಲ. ಒಂದು ನಿಯಮವನ್ನು ಮಾತ್ರ ಬಿಡಬೇಡ. ಮೂರರ ಮನೆಯಲ್ಲಿರುವವಳಿಗೆ ಎರಡು ಬಿದ್ದರೆ ‘ಒಂದು, ಎರಡು’ ಎನ್ನುತ್ತಾ ನಡೆಯಬಾರದು, ‘ನಾಲ್ಕು, ಐದು’ ಎನ್ನುತ್ತಾ ನಡೆಯಬೇಕು. ಐದು ಮೂರಕ್ಕಿಂತ ಮುಂದೆ, ಆದ್ದರಿಂದ ಹೆಚ್ಚು ಎಂಬುದು ಹೀಗೆ ಕಾಲಿಗೇ ತಿಳಿಯುತ್ತದೆ.

ಶಾಲೆಯಲ್ಲಿ ಇಂಗ್ಲಿಷಿನಲ್ಲಿ ಕಲಿಯಲಿ, ಮನೆಯಲ್ಲಿ ಕನ್ನಡದಲ್ಲೇ ಎಣಿಸಿರಿ. ಫೋರ್ಟೀನ್, ಫಾರ್ಟಿಗಳ ನಡುವೆ ಮಕ್ಕಳು ತಡವರಿಸುತ್ತಾರೆ; ಹದಿನಾಲ್ಕು, ನಲವತ್ತು ಎಂದಾಗ ಆ ಗೊಂದಲವಿಲ್ಲ, ಮೇಲಾಗಿ ಹದಿನಾಲ್ಕರಲ್ಲಿ ಬರೆಯುವ ಕ್ರಮದಂತೆಯೇ ಹತ್ತು ಮೊದಲು, ನಾಲ್ಕು ಆಮೇಲೆ. 19 ಮತ್ತು 21ರಲ್ಲಿ 9 ಕಂಡೊಡನೆ 19ನ್ನೇ ಹೆಚ್ಚೆನ್ನುವ ಕಾಲ ಮುಂದೆ ಬಂದೇ ಬರುತ್ತದೆ. ಆಗ ಪೊರಕೆ ಕಡ್ಡಿಗಳನ್ನು ಹತ್ತು ಹತ್ತರ ಕಟ್ಟು ಮಾಡಿ ರಬ್ಬರ್ ಬ್ಯಾಂಡ್ ಹಾಕಿಕೊಡು, ಒಂದು ಕಟ್ಟಿನ ಪಕ್ಕದಲ್ಲಿ ಎರಡು ಕಟ್ಟು ಇಟ್ಟರೆ ವಿವರಣೆಯೇ ಬೇಡ. ಹೆಚ್ಚುಕಡಿಮೆಯ ಚಿಹ್ನೆಗಳನ್ನು (>, <) ಮೊಸಳೆಯ ಬಾಯಿ ಎಂದು ಹೇಳಿಕೊಡುವ ರೂಢಿಯಿದೆಯಲ್ಲ, ಅದು ನನಗೆ ಅಷ್ಟು ಸೇರುವುದಿಲ್ಲ. ಮಕ್ಕಳಿಗೆ ಮೊಸಳೆ ನೆನಪಿರುತ್ತದೆ, ಸಂಖ್ಯೆ ಮರೆಯುತ್ತದೆ. ಆ ಚಿಹ್ನೆಗಳು ಒಂದನೇ ತರಗತಿಗೆ ಬರಲಿ.

ದಿನಕ್ಕೆ ಹತ್ತು ಹದಿನೈದು ನಿಮಿಷ ಸಾಕು, ಆಕಳಿಸಿದರೆ ಅಲ್ಲಿಗೇ ನಿಲ್ಲಿಸು. ಚಿಕ್ಕವನು ಇನ್ನೂ ಸಿಕ್ಕಿದ್ದನ್ನೆಲ್ಲ ಬಾಯಿಗೂ ಮೂಗಿಗೂ ಹಾಕಿಕೊಳ್ಳುವವನಾದ್ದರಿಂದ ಬೀಜಗಳನ್ನು ಅವನ ಕೈಗೆಟುಕದಂತೆ ಇಡು. ಆಟ ಮುಗಿದ ಮೇಲೆ ಅವಳಿಂದಲೇ ಎಣಿಸಿ ಡಬ್ಬಿಗೆ ತುಂಬಿಸು, ಒಂದು ಕಡಿಮೆಯಾದರೂ ಹುಡುಕದೆ ಏಳಬೇಡ.

ಇತಿ,
ನಿನ್ನ ದೊಡ್ಡಮ್ಮ